ಮೂರು ಗಂಟೆಯ ನಗು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವಿನಲ್ಲೇ ಶಾಲೆ ಬಿಟ್ಟವಳು. ಒತ್ತಕ್ಷರ ಬಂದ ಕಡೆಯೆಲ್ಲ ಪೆನ್ನು ತಡವರಿಸುತ್ತದೆ. ನಡುವೆ ದೊಡ್ಡ ದೊಡ್ಡ ಪದಗಳು ಕಂಡರೆ ಅವು ನನ್ನವಲ್ಲ, ರಿಪೇರಿರಾಯರವು. ಅವರು ಆಡಿದ್ದನ್ನು ಆಡಿದ ಹಾಗೆಯೇ ಇಳಿಸಿದ್ದೇನೆ. ಕಳೆದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ನಮ್ಮ ಮನೆಯ ಸುದ್ದಿ ಬಂದಿತ್ತು. ಅದರಲ್ಲಿ ತಪ್ಪುಗಳಿದ್ದವು. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಈ ಕಥೆಯಲ್ಲಿ ನಾನು ಬರುವುದಿಲ್ಲ. ಟೀ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದವಳು ಯಾರು ಎಂದು ದಯವಿಟ್ಟು ಕೇಳಬೇಡಿ.

ರಿಪೇರಿರಾಯರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರಗು: ಅವರ ಅತ್ತೆ ನಗುವುದಿಲ್ಲ.

ರಾಯರು ಹಳೆಯ ರೇಡಿಯೋ, ಟೇಪ್ ರೆಕಾರ್ಡರ್‌ಗಳನ್ನು ರಿಪೇರಿ ಮಾಡುವವರು. ಮುಂದೆ ಅಂಗಡಿ, ಹಿಂದೆ ಮನೆ. ಗಿರಾಕಿಗಳು ಯಂತ್ರ ತರುವುದು ರಿಪೇರಿಗೋ ರಾಯರ ಜೋಕಿಗೋ ಹೇಳುವುದು ಕಷ್ಟ, ಎಂದು ರಾಯರೇ ಹೇಳುತ್ತಾರೆ. (ಗಿರಾಕಿಗಳು ಹೇಳಿದ್ದನ್ನು ಯಾರೂ ಕೇಳಿಲ್ಲ.) ಮದುವೆಯಾಗಿ ಹದಿನೆಂಟು ವರ್ಷ. ಅತ್ತೆ ಈ ಮನೆಯಲ್ಲೇ ಇದ್ದಾರೆ. ಹದಿನೆಂಟು ವರ್ಷದಲ್ಲಿ ದಿನಕ್ಕೊಂದು ಜೋಕು ಎಂದರೂ ಎಷ್ಟಾಯಿತು? ಅಷ್ಟೂ ಜೋಕುಗಳು ಅತ್ತೆಯ ಮುಖಕ್ಕೆ ತಾಗಿ, ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬಂದಿದ್ದವು.

ಅತ್ತೆ ಹಿಂದಿನ ಕೋಣೆಯಲ್ಲಿ ಕೂತು ಪಕ್ಕದ ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾರೆ. ತುಟಿಗಳ ನಡುವೆ ಸದಾ ಒಂದು ಎಳೆ ದಾರ. ರಾಯರು ಹೋಗಿ ಎದುರಿಗೆ ನಿಂತರೆ ದಾರವನ್ನು ಮೆಲ್ಲಗೆ ತೆಗೆದು, ಮಡಿಲಲ್ಲಿಟ್ಟು, ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾರೆ.

“ಅತ್ತೆ, ಇವತ್ತೊಬ್ಬ ರೇಡಿಯೋ ತಂದ. ‘ಸ್ವಾಮಿ, ಇದು ಮೂರು ದಿನದಿಂದ ಮಾತಾಡ್ತಿಲ್ಲ’ ಅಂದ. ನಾನು ಕೇಳಿದೆ, ‘ಯಾಕಪ್ಪಾ, ಮನೇಲಿ ಜಗಳವಾ?’ ಅಂತ!”

ಅತ್ತೆ ಕಾಯುತ್ತಾರೆ. ರಾಯರೂ ಕಾಯುತ್ತಾರೆ.

“ಆಮೇಲೆ?” ಎನ್ನುತ್ತಾರೆ ಅತ್ತೆ.

“ಆಮೇಲೆ ಏನಿಲ್ಲ ಅತ್ತೆ. ಅಷ್ಟೇ.”

“ರಿಪೇರಿ ಆಯ್ತಾ?”

ಈ ‘ಆಮೇಲೆ’ ಎಂಬ ಮೂರಕ್ಷರ ರಾಯರ ಎದೆಯಲ್ಲಿ ಮುಳ್ಳಾಗಿ ಮುರಿದು ಕೂತಿತ್ತು. “ನಿಮ್ಮಮ್ಮನಿಗೆ ನನ್ನ ಕಂಡರೆ ತಾತ್ಸಾರ ಕಣೇ” ಎಂದು ಹೆಂಡತಿಯ ಹತ್ತಿರ ಗೋಳಾಡುತ್ತಿದ್ದರು. “ರೀ, ಅಮ್ಮ ಯಾರ ಹತ್ರಾನೂ ನಗಲ್ಲ. ನಾನು ಹುಟ್ಟಿದಾಗಿಂದ ನೋಡಿಲ್ಲ. ನೀವೇನು ಸ್ಪೆಷಲ್ಲಾ?” ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನದಿಂದ ರಾಯರಿಗೆ ಇನ್ನಷ್ಟು ನೋವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಗುಜರಿಯವನು ಒಂದು ಕನ್ನಡಿ ತಂದ. ಆಳೆತ್ತರದ ಕನ್ನಡಿ; ಅಂಚಿಗೆ ಬಲ್ಬು ಸಿಕ್ಕಿಸುವ ತೂತುಗಳು.

“ಮುಚ್ಚಿಹೋದ ಸ್ಟುಡಿಯೋದ್ದು ಸಾರ್. ಕಿಡಿರಾಣಿ ಮುಖ ನೋಡ್ಕೋತಿದ್ದ ಕನ್ನಡಿ!”

ಕಿಡಿರಾಣಿ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಲವತ್ತು ವರ್ಷದ ಹಿಂದೆ ಇಪ್ಪತ್ತೆರಡು ಸಿನಿಮಾಗಳಲ್ಲಿ ಇಪ್ಪತ್ತೆರಡು ಮನೆ ಮುರಿದವಳು. ಪ್ರತಿ ಸಿನಿಮಾದಲ್ಲೂ ಕೊನೆಗೆ ಮೆಟ್ಟಿಲ ಮೇಲೆ ನಿಂತು, ಕತ್ತು ಹಿಂದಕ್ಕೆ ಎಸೆದು ಒಂದು ನಗು ನಗುತ್ತಿದ್ದಳು. ಮೊದಲು ಮೂರು ಸಣ್ಣ ಮೆಟ್ಟಿಲಿನಂಥ ನಗು, ಆಮೇಲೆ ಉದ್ದದ ಜಾರುಬಂಡೆ, ಕೊನೆಗೆ ಒಂದು ಬಿಕ್ಕು. ಆ ನಗು ಕೇಳಿ ಥಿಯೇಟರಿನಲ್ಲಿ ಮಕ್ಕಳು ಅಳುತ್ತಿದ್ದವು, ಹೆಂಗಸರು ಗಂಡಂದಿರ ಅಂಗಿ ಹಿಡಿದುಕೊಳ್ಳುತ್ತಿದ್ದರು. ಅವಳು ಅಂಗಡಿಗೆ ಬಂದರೆ ಜನ ಎದ್ದು ಹೋಗುತ್ತಿದ್ದರಂತೆ. ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲವಂತೆ. ಸತ್ತ ಮೇಲೆ ದೆವ್ವವಾಗಿ ಸುಖವಾಗಿರುವ ಸಂಸಾರಗಳನ್ನು ಹುಡುಕಿಕೊಂಡು ತಿರುಗುತ್ತಾಳೆ ಎಂಬುದು ಜನರ ಮಾತು. ರಾಯರು ಹುಡುಗರಾಗಿದ್ದಾಗಿನಿಂದ ಅವಳ ಅಭಿಮಾನಿ. ಅವಳ ಸಿನಿಮಾದ ಧ್ವನಿಸುರುಳಿಗಳು ಇನ್ನೂ ಅವರ ಹತ್ತಿರ ಇದ್ದವು. ಕನ್ನಡಿ ಕೊಂಡು ಉಗ್ರಾಣದಲ್ಲಿ ನಿಲ್ಲಿಸಿದರು.

ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆ. ಊಟದ ಬಿಡುವಿನಲ್ಲಿ ರಾಯರು ಕನ್ನಡಿಯ ಎದುರು ನಿಂತು, ತಲೆಯಲ್ಲಿ ಉಳಿದಿರುವ ಏಳು ಕೂದಲನ್ನು ಎಡದಿಂದ ಬಲಕ್ಕೆ ಸಾಗಿಸಿ, ಗಂಭೀರವಾಗಿ, “ಪರವಾಗಿಲ್ಲ. ಪ್ರಾಯ ಇನ್ನೂ ಪೂರ್ತಿ ಪಲಾಯನ ಮಾಡಿಲ್ಲ” ಎಂದರು.

ಆಗ ಕೇಳಿಸಿತು. ಮೂರು ಸಣ್ಣ ಮೆಟ್ಟಿಲು, ಒಂದು ಉದ್ದ ಜಾರುಬಂಡೆ, ಕೊನೆಗೆ ಬಿಕ್ಕು.

ರಾಯರ ಏಳು ಕೂದಲೂ ಎದ್ದು ನಿಂತವು. ಹೊರಗೆ ಓಡಿಬಂದು ಹಿಂದಿನ ಕೋಣೆಗೆ ಇಣುಕಿದರು. (ಉಗ್ರಾಣಕ್ಕೂ ಆ ಕೋಣೆಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ.) ಅತ್ತೆ ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದರು. ತುಟಿ ಬಿಗಿದಿತ್ತು, ದಾರವನ್ನು ಹಲ್ಲಿನ ನಡುವೆ ಕಚ್ಚಿಕೊಂಡಿದ್ದರು.

“ಅತ್ತೆ! ಯಾರೋ ನಕ್ಕಿದ್ದು ಕೇಳಿಸ್ತಾ?”

“ಊಹೂಂ.”

ಅತ್ತೆಯನ್ನು ಅನುಮಾನಿಸುವ ಪ್ರಶ್ನೆಯೇ ಇರಲಿಲ್ಲ. ಕಲ್ಲು ಕರಗಿ ನೀರಾದೀತು, ಅತ್ತೆ ನಗುವುದುಂಟೇ?

ಹೆದರಿಕೆ ಒಂದು ರಾತ್ರಿಯಷ್ಟೇ ಇತ್ತು. ಬೆಳಗಾಗುವಷ್ಟರಲ್ಲಿ ಕುತೂಹಲ ಅದನ್ನು ಹೊರಗೆ ಹಾಕಿತ್ತು. ರಾಯರು ಕಸುಬುದಾರರು, ಕಿವಿಗೆ ಬಿದ್ದದ್ದನ್ನು ಟೇಪಿಗೆ ಬೀಳಿಸದೆ ಬಿಡುವವರಲ್ಲ. ಕನ್ನಡಿಯ ಮುಂದೆ ರೆಕಾರ್ಡರ್ ಇಟ್ಟು, ಕೈ ಕಟ್ಟಿ ನಿಂತು, “ಓ ದಿವಂಗತ ತಾರೆಯೇ, ತಾವು ಈ ಬಡ ತಂತ್ರಜ್ಞನ ಉಗ್ರಾಣಕ್ಕೆ ದಯಮಾಡಿಸಿದ ಕಾರಣವೇನು?” ಎಂದು ಕೇಳಿದರು. ಉತ್ತರವಾಗಿ ನಗು ಬಂತು. “ಪರಲೋಕದಲ್ಲಿ ತಮಗೆ ವಸತಿ ಸೌಕರ್ಯ ಹೇಗಿದೆ?” ಎಂದರು. ಇನ್ನೂ ದೊಡ್ಡ ನಗು. ಮೂರು ದಿನ, ದಿನಕ್ಕೆ ನಾಲ್ಕು ಪ್ರಶ್ನೆ. ಒಂದಕ್ಕೂ ಉತ್ತರವಿಲ್ಲ, ಎಲ್ಲದಕ್ಕೂ ನಗು.

ನಂತರ ಎರಡು ಯಂತ್ರ ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಸಿನಿಮಾದ ನಗು, ಇನ್ನೊಂದರಲ್ಲಿ ಉಗ್ರಾಣದ ನಗು. ವೇಗ ಸರಿಮಾಡಿ ಒಟ್ಟಿಗೆ ಹಾಕಿದಾಗ ಎರಡೂ ಒಂದರೊಳಗೊಂದು ಸೇರಿ ಒಂದೇ ನಗುವಾಯಿತು. ಕೊನೆಯ ಬಿಕ್ಕಿನಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಹೊಸ ನಗುವಿಗೆ ಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೇ. ‘ಸತ್ತವರಿಗೂ ವಯಸ್ಸಾಗುತ್ತದೆ’ ಎಂಬ ಸಿದ್ಧಾಂತವನ್ನು ರಾಯರು ಅಲ್ಲೇ ಮಂಡಿಸಿದರು.

“ಭಾನುವಾರ ಪತ್ರಿಕೆಯವರನ್ನ ಕರೀತೀನಿ” ಎಂದು ಘೋಷಿಸಿದರು.

“ಕರೀರಿ. ಆಮೇಲೆ ಈ ಮನೆಗೆ ಯಾರೂ ರೇಡಿಯೋ ತರಲ್ಲ, ಪೊರಕೆ ತರ್ತಾರೆ” ಎಂದರು ಹೆಂಡತಿ.

“ನಿನಗೆ ವಿಜ್ಞಾನ ಗೊತ್ತಿಲ್ಲ.”

“ನಿಮಗೆ ದೆವ್ವ ಗೊತ್ತಿಲ್ಲ.”

ಭಾನುವಾರ ಮೂರು ಗಂಟೆಗೆ ಅಂಗಡಿ ತುಂಬಿತ್ತು. ಪತ್ರಿಕೆಯವರು ಬಂದರು, ಟೈಲರ್ ಬಂದರು, ಟೈಲರ್ ಹಿಂದೆ ಬೀದಿಯ ಅರ್ಧ ಜನ ಬಂದರು. ರಾಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎರಡೂ ಟೇಪು ಕೇಳಿಸಿದರು. ಜನ ಉಸಿರು ಬಿಗಿಹಿಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಜನ ಕಂಡರೆ ರಾಯರ ನಾಲಿಗೆಗೆ ಬ್ರೇಕ್ ಹಿಡಿಯುವುದಿಲ್ಲ.

“ಮಹನೀಯರೇ! ಬದುಕಿದ್ದಾಗ ಊರಿನ ಮನೆಗಳನ್ನೆಲ್ಲ ಮುರಿದಳು. ಸತ್ತರೂ ಆ ಚಟ ಬಿಟ್ಟಿಲ್ಲ. ಈಗ ನನ್ನ ಸಂಸಾರದ ಮೇಲೆ ಕಣ್ಣು ಹಾಕಿ ನಗುತ್ತಿದ್ದಾಳೆ. ಎಂಥ ಕಲ್ಲೆದೆ!”

“ಸಾಕು ಮಾಡಿ, ಅಳಿಯಂದಿರೇ.”

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಅರ್ಧ ಗುಂಡಿ ಹೊಲಿದಿದ್ದ ಅಂಗಿ. ಬಾಯಿಂದ ದಾರ ತೆಗೆದು ಅಂಗಿಯ ಜೇಬಿಗೆ ಹಾಕಿದರು.

“ಅವಳು ಯಾರ ಮನೇನೂ ಮುರೀಲಿಲ್ಲ. ಆ ನಗು ಅವಳದ್ದೇ ಅಲ್ಲ.”

“ಮತ್ಯಾರದು?”

“ನಂದು.”

ಟೈಲರ್ ಕೈಯಲ್ಲಿದ್ದ ಟೀ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಅತ್ತೆ ಸ್ಟೂಲಿನ ಮೇಲೆ ಕೂತು, ನೆಲ ನೋಡಿಕೊಂಡು ಹೇಳಿದರು.

“ನಾನಾಗ ಸ್ಟುಡಿಯೋದ ಬಟ್ಟೆ ಕೋಣೇಲಿ ಗುಂಡಿ ಹೊಲೀತಿದ್ದೆ. ಅವಳಿಗೆ ನಗೋಕೇ ಬರ್ತಿರಲಿಲ್ಲ. ನಕ್ಕರೆ ಬಾಗಿಲು ಕಿರುಗುಟ್ಟಿದ ಹಾಗೆ ಕಿಂಯ್ ಅನ್ನೋಳು. ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳೋಳು. ಡೈರೆಕ್ಟರು ತಲೆ ಚಚ್ಚಿಕೊಂಡು, ‘ಯಾರಾದ್ರೂ ನಗ್ರಯ್ಯಾ!’ ಅಂತ ಕಿರುಚಿದ್ರು. ಅವರ ಮುಖ ನೋಡಿ ನನಗೆ ನಗು ತಡೀಲಿಲ್ಲ. ಅವತ್ತಿಂದ ಇಪ್ಪತ್ತೆರಡು ಸಿನಿಮಾ, ಬಾಯಿ ಅವಳದು, ನಗು ನಂದು.”

ಹಾಡಿಗೆ ಬೇರೆಯವರ ಕಂಠ ಇರುತ್ತದೆ ಎಂಬುದು ರಾಯರಿಗೆ ಗೊತ್ತಿತ್ತು. ನಗುವಿಗೂ ಇರಬಹುದು ಎಂದು ಕನಸಿನಲ್ಲೂ ಹೊಳೆದಿರಲಿಲ್ಲ.

“ನಗು ಅವಳದ್ದಲ್ಲ ಅಂತ ಗೊತ್ತಾದ್ರೆ ಅವಳಿಗೆ ಕೆಲಸ ಇಲ್ಲ. ನನ್ನ ಕೈ ಹಿಡ್ಕೊಂಡು, ‘ಅಕ್ಕಾ, ಹೊರಗಡೆ ಯಾರ ಮುಂದೇನೂ ನಗಬೇಡ’ ಅಂದ್ಲು. ಆಯ್ತು ಅಂದೆ. ನಗು ಕೊಟ್ಟೋಳು ನಾನು, ಬೈಸಿಕೊಂಡೋಳು ಅವಳು. ಜನ ಅವಳಿಗೆ ಮನೆ ಕೊಡಲಿಲ್ಲ, ಮಕ್ಕಳನ್ನ ಮುಟ್ಟೋಕೆ ಬಿಡಲಿಲ್ಲ.” ಅತ್ತೆ ಮಗಳ ಕಡೆ ತಿರುಗಿದರು. “ನೀನು ಹುಟ್ಟಿದಾಗ ಆಸ್ಪತ್ರೇಲಿ ನಿನ್ನ ಮೊದಲು ಎತ್ತಿಕೊಂಡೋಳು ಅವಳೇ ಕಣೇ. ಮುಸುಕು ಹಾಕ್ಕೊಂಡು ಬಂದಿದ್ಲು. ನಿನ್ನ ನೋಡಿ ಕಿಂಯ್ ಅಂದ್ಲು. ಅವಳ ಸ್ವಂತ ನಗು ಕೇಳಿದ್ದು ನಾವಿಬ್ಬರೇ.”

ರಾಯರ ಹೆಂಡತಿ ಸೆರಗೋ ಕರವಸ್ತ್ರವೋ ಸಿಗದೆ ರೇಡಿಯೋ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು, ಮುಖಕ್ಕೆಲ್ಲ ಮಸಿಯಾಯಿತು.

“ಅವಳು ಹೋದ್ಲು. ಕೊಟ್ಟ ಮಾತು ಹೋಗಲಿಲ್ಲವಲ್ಲ. ಇವತ್ತು ಅವಳಿಗೋಸ್ಕರಾನೇ ಮುರಿದೆ.”

ಪತ್ರಿಕೆಯವರು ಪೆನ್ನು ಕಚ್ಚಿ, “ನಂಬೋದು ಹೇಗೆ ಅಜ್ಜಿ? ಒಂದ್ಸಲ ನಕ್ಕು ತೋರಿಸಿ” ಎಂದರು.

“ಹೇಳಿದ ತಕ್ಷಣ ನಗೋಕೆ ಅದೇನು ನಲ್ಲಿಯೇನಪ್ಪಾ?”

ಆ ಕ್ಷಣದಲ್ಲಿ ರಿಪೇರಿರಾಯರ ಮುಖ ಬೆಳಗಿತು. ಅವರಿಗೆ ದೆವ್ವ ಹೋದ ದುಃಖವಿಲ್ಲ, ಮಾನ ಹೋದ ಚಿಂತೆಯಿಲ್ಲ. ಅತ್ತೆ ಹದಿನೆಂಟು ವರ್ಷ ನಗದೆ ಇದ್ದದ್ದು ಕೊಟ್ಟ ಮಾತಿಗಾಗಿ! ತಾತ್ಸಾರದಿಂದಲ್ಲ! ಈಗ ಮಾತಿನ ಬೀಗ ತೆಗೆದಿದೆ. ಗಂಟಲು ಸರಿಮಾಡಿಕೊಂಡು ಮುಂದೆ ಬಂದರು.

“ಅತ್ತೆ, ಇನ್ನು ತಡೀಬೇಡಿ. ಧಾರಾಳವಾಗಿ ನಗಿ. ಒಬ್ಬ ರೇಡಿಯೋ ತಂದ. ‘ಮೂರು ದಿನದಿಂದ ಮಾತಾಡ್ತಿಲ್ಲ’ ಅಂದ...”

ಪೂರ್ತಿ ಹೇಳಿದರು. ಅತ್ತೆ ಮುಂದಕ್ಕೆ ಬಾಗಿ, ಕಿವಿಗೊಟ್ಟು ಕೇಳಿದರು.

“ಆಮೇಲೆ?”

ರಾಯರು ಎರಡನೆಯದು ಹೇಳಿದರು. ಮೂರನೆಯದು ಹೇಳಿದರು. ಟೈಲರ್ ನೆರೆಹೊರೆಯ ಮರ್ಯಾದೆಗೆ ಒಮ್ಮೆ ಕೆಮ್ಮಿದರು. ಅತ್ತೆಯ ಹಣೆಯಲ್ಲಿ ಬೆವರು ಕಾಣಿಸಿತು. “ಪ್ರಯತ್ನ ಪಡ್ತಿದೀನಿ, ಅಳಿಯಂದಿರೇ” ಎಂದರು, ತುಂಬ ಒಳ್ಳೆಯ ಮನಸ್ಸಿನಿಂದ.

“ಅಂದರೆ... ನೀವು ಇಷ್ಟು ವರ್ಷ ನನ್ನ ಜೋಕಿಗೆ ನಗು ತಡ್ಕೊಂಡು ಕೂತಿದ್ದಲ್ವಾ?”

“ಅಯ್ಯೋ, ಜೋಕಿಗೆ ತಡೀಬೇಕಾಗೇ ಇರಲಿಲ್ಲ. ಅದಕ್ಕೇ ದಾರ ತೆಗೆದು ಕೇಳ್ತಿದ್ದೆ. ನೀವು ಗಂಭೀರವಾಗಿ ಮಾತಾಡಿದಾಗ ಕಚ್ಚಿಕೊಳ್ಳಬೇಕಾಗ್ತಿತ್ತು. ಆ ಕನ್ನಡಿ ಬಂದ ಮೇಲೆ ದಾರಾನೂ ತಡೀಲಿಲ್ಲ.”

ರಾಯರು ನೆಟ್ಟಗೆ ನಿಂತರು. ಹದಿನೆಂಟು ವರ್ಷದ ಸ್ವಾಭಿಮಾನವನ್ನೆಲ್ಲ ಒಟ್ಟುಗೂಡಿಸಿ ಬಲಗೈ ಎತ್ತಿದರು.

“ಸರಿ. ಇಂದಿನಿಂದ ಈ ಬಾಯಿಯಿಂದ ಒಂದೇ ಒಂದು ಜೋಕು ಹೊರಬೀಳುವುದಿಲ್ಲ. ಇದು ನನ್ನ ಶಪಥ!”

ಎಂದು ಹೆಡ್‌ಫೋನನ್ನು ರಪ್ಪನೆ ಕಿತ್ತು ಎಸೆದರು. ಏಳು ಕೂದಲೂ ಅದರ ತಂತಿಗೆ ಸಿಕ್ಕಿದ್ದವು. ಹೆಡ್‌ಫೋನ್ ಹೋದಷ್ಟು ದೂರ ರಾಯರ ತಲೆಯೂ ಹೋಯಿತು.

ಮೂರು ಸಣ್ಣ ಮೆಟ್ಟಿಲು, ಒಂದು ಉದ್ದ ಜಾರುಬಂಡೆ. ಬಿಕ್ಕು ಬರುವಷ್ಟರಲ್ಲಿ ಶೆಲ್ಫಿನ ಮೇಲಿನ ಹನ್ನೊಂದು ರೇಡಿಯೋಗಳೂ ಗುಂಯ್ ಎಂದವು. ಟೀ ಚೆಲ್ಲಿತು. ಪತ್ರಿಕೆಯವರ ಪೆನ್ನು ಕೆಳಗೆ ಬಿತ್ತು. ತಂತಿಯಲ್ಲಿ ನೇತಾಡುತ್ತಲೇ ರಾಯರು ಅತ್ತೆಯ ಮುಖ ನೋಡಿದರು. ನಗುವಾಗ ಅವರ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಪತ್ರಿಕೆಯಲ್ಲಿ ಬಂದ ತಲೆಬರಹ: “ರೇಡಿಯೋ ಅಂಗಡಿಯಲ್ಲಿ ದೆವ್ವ ಪತ್ತೆ: ಅತ್ತೆಯೇ!” ಕಿಡಿರಾಣಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಗುಜರಿಯವನು ಅದನ್ನು ಓದಿ ಬಂದು, ಆ ಕನ್ನಡಿ ನಿಜವಾಗಿ ಒಂದು ಕ್ಷೌರದ ಅಂಗಡಿಯದು ಎಂದು ಒಪ್ಪಿಕೊಂಡ. ರಾಯರು ಶಪಥ ಮುರಿದು ಎರಡು ವಾರವಾಯಿತು. ಈಗ ಅವರದು ಹೊಸ ಕೊರಗು. ಬೇಕೆಂದೇ ಗಂಭೀರವಾಗಿ ಮಾತಾಡಿದರೆ ಅತ್ತೆ “ಆಮೇಲೆ?” ಎನ್ನುತ್ತಾರೆ. ನಿಜವಾಗಿಯೂ ಚಿಂತೆಯಲ್ಲಿ ಮುಳುಗಿ ನಲ್ಲಿಯ ವಾಷರ್ ಬದಲಾಯಿಸುತ್ತ ಕೂತಿದ್ದರೆ, ಹಿಂದಿನಿಂದ ಮೂರು ಮೆಟ್ಟಿಲು ಕೇಳಿಸುತ್ತದೆ.

ಅಜ್ಜಿಗೆ ಗುಂಡಿಯ ತೂತು ಕಾಣುತ್ತದೆ, ಅಕ್ಷರ ಮಾತ್ರ ಮಂಜು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ಇದನ್ನು ಅವರಿಗೆ ಓದಿ ಹೇಳುತ್ತೇನೆ. ಕಿಡಿರಾಣಿಯ ವಿಷಯ ತಪ್ಪಾಗಿದ್ದರೆ ತಿದ್ದುತ್ತೇನೆ. ಅವರು “ಆಮೇಲೆ?” ಎಂದ ಜಾಗಗಳನ್ನೆಲ್ಲ ಹೊಡೆದು ಹಾಕಿ, ಉಳಿದದ್ದನ್ನು ಇನ್ನೊಮ್ಮೆ ಒಳ್ಳೆಯ ಅಕ್ಷರದಲ್ಲಿ ಬರೆದು ನಿಮಗೆ ಕಳಿಸುತ್ತೇನೆ.