ಜಗಲಿಯ ಮೇಲಿನ ಕಲ್ಲು

ಮಾಗಳದ ಗಂಗಾಧರನಿಗೆ ಗ್ರಹಚಾರ ಬಂದದ್ದು ಫೋನಿನಲ್ಲಿ, ಬಾಯಿತುಂಬ ಒಗ್ಗರಣೆ ಮಂಡಕ್ಕಿ ಇದ್ದಾಗ.

"ಗಂಗಾಧರಪ್ಪ, ನಮ್ಮ ಹಳೇ ಶಾಲೆ ಇತಿಹಾಸದ ಪ್ರದರ್ಶನ ಮಾಡ್ತಿದೀವಿ. ಬಾಗಿಲ ಹತ್ರ ಇದ್ದ ಕರಿ ಕಲ್ಲು ನಿಮ್ಮ ಹತ್ರ ಇದೆಯಾ?" ವಿಶ್ವವಿದ್ಯಾಲಯದ ಅರ್ಚನಾ ಮೇಡಂ ಕೇಳಿದರು.

"ಐತ್ರಿ! ಜ್ವಾಪಾನ ಇಟ್ಟೀನ್ರಿ!" ಎಂದುಬಿಟ್ಟ.

"ಹಡಗಲಿಯಲ್ಲೇ ಇದೀನಿ. ಈಗ ಬಂದೆ."

ಮಂಡಕ್ಕಿ ಗಂಟಲಲ್ಲೇ ನಿಂತಿತು.

ಗಂಗಾಧರ ಆ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಮತ್ತು ಭೂವಿಜ್ಞಾನ ಶಾಲೆಯಲ್ಲಿ ಜವಾನನಾಗಿದ್ದವನು. ತಗಡಿನ ಶೆಡ್ಡಿನಲ್ಲಿ ಹುಟ್ಟಿ, ಮೂರಂತಸ್ತು ಬೆಳೆದು, ಕಲ್ಲು ಓದುವ ಹುಡುಗರೇ ಸಿಗದೆ ಸೊರಗಿದ ಶಾಲೆ ಅದು. ಕೊನೆಗೆ ಅಣ್ಣತಮ್ಮಂದಿರು ಪಾಲಾದ ಹಾಗೆ ಇಂಜಿನಿಯರಿಂಗ್ ಒಂದು ಕಡೆ, ಭೂವಿಜ್ಞಾನ ಇನ್ನೊಂದು ಕಡೆ ಸೇರಿದವು. ಬೋರ್ಡು ಇಳಿಸಿದ ದಿನ ಪ್ರೊಫೆಸರುಗಳಿಗೆ ಶಾಲು, ಹಾರ. ಗಂಗಾಧರನಿಗೆ ಸಿಕ್ಕಿದ್ದು ಬಾಗಿಲಿಗೆ ಒತ್ತಾಗಿ ಇಡುತ್ತಿದ್ದ ಕಲ್ಲು. ಬರಿಗೈಲಿ ಹೋಗಲು ನಾಚಿಕೆಯಾಗಿ, "ಶ್ರೀಶೈಲದ ಸ್ವಾಮೇರು ಕೊಟ್ರು" ಎಂದು ಹೆಂಡತಿ ಗುರುಬಸಮ್ಮನ ಕೈಗಿಟ್ಟಿದ್ದ. ಕಲ್ಲು ದೇವರ ಜಗಲಿ ಏರಿತು, ವಿಭೂತಿ ಬಳಿದುಕೊಂಡಿತು. ಈಗ ಸೋಮವಾರ ಬಂದರೆ ಓಣಿಯೇ ಕಾಯಿ ಒಡೆಸಲು ಬರುತ್ತಿತ್ತು.

ಗಂಗಾಧರ ಹೊಳೆಗೆ ಓಡಿದ. ಅಂಥದೇ ಕರಿ ಕಲ್ಲು ಹುಡುಕಿ, ಟವಲಿನಲ್ಲಿ ಸುತ್ತಿ, ಕೂಸಿನಂತೆ ಅವಚಿಕೊಂಡು ಬಂದ. ಪಕ್ಕದ ಮನೆಯ ಅಂಜಿನಕ್ಕ ಅಡ್ಡ ಬಂದಳು.

"ಏನೋ ಗಂಗಣ್ಣ ಅದು?"

"ಕಲ್ಲಂಗಡಿ ಅಕ್ಕಾ."

"ಹೌದಾ? ನಡಿ, ಒಂದು ಹೋಳು ತಿಂದೇ ಹೋಗ್ತೀನಿ."

ಮನೆ ಮುಂದೆ ಆಗಲೇ ಜೀಪು, ಜೀಪಿನ ಸುತ್ತ ಓಣಿ. ಮೇಡಂ ಟವಲು ಬಿಚ್ಚಿ ಕಲ್ಲನ್ನು ತಿರುವಿ ನೋಡಿದರು.

"ಇದು ಹೊಳೆ ಕಲ್ಲು. ನಮ್ಮದರ ಅಡಿಯಲ್ಲಿ ಕೆಂಪು ಬಣ್ಣದ ಗುರುತಿತ್ತು." ಅವರ ಕಣ್ಣು ಒಳಗಿನ ಜಗಲಿಗೆ ಹೋಯಿತು. "ಅದಲ್ವಾ?"

"ಏ ತಂಗಿ, ಅದು ಶ್ರೀಶೈಲದ ದೇವ್ರು!" ಅಂಜಿನಕ್ಕ ಗದರಿದಳು.

ಮೇಡಂ ಮೊಬೈಲಿನಲ್ಲಿ ಹಳೇ ಫೋಟೋ ತೋರಿಸಿದರು. ಬಾಗಿಲು, ಕಲ್ಲು, ಕಲ್ಲಿನ ಮೇಲೆ ಗಂಗಾಧರನ ಚಪ್ಪಲಿ ಕಾಲು. ಮೊಬೈಲು ಕೈಯಿಂದ ಕೈಗೆ ದಾಟಿತು.

"ಗಂಗಣ್ಣ, ಇಷ್ಟು ದಿನ ನಾವು ಕಾಯಿ ಒಡಿಸಿದ್ದು ಬಾಗಿಲ ಕಲ್ಲಿಗೇನೋ?"

ಬಲಿತ ಸೂರ್ಯಕಾಂತಿಯಂತೆ ಗಂಗಾಧರನ ತಲೆ ಜೋತುಬಿತ್ತು. "ಸುಳ್ಳು ಹೇಳಿದ್ದೆ ಅಕ್ಕಾ... ತಪ್ಪಾತು. ಎಲ್ಲಾರೂ ಹೊಟ್ಟಿಗೆ ಹಾಕ್ಕಳ್ರಿ."

ಮೇಡಂ ಕೈಮುಗಿದೇ ಜಗಲಿಯ ಕಲ್ಲನ್ನು ಎತ್ತಿದರು. ಅಡಿ ನೋಡಿದರು. ಗುರುತಿಲ್ಲ.

"ಅರೆ! ಇದೂ ಹೊಳೆ ಕಲ್ಲೇ!"

ಗುರುಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಚ್ಚಲಿಗೆ ಹೋದಳು. ಸೋಪಿನ ನೊರೆ ಸುರಿಯುವ ಕರಿ ಕಲ್ಲೊಂದನ್ನು ತಂದಿಟ್ಟಳು. ಅಡಿಯಲ್ಲಿ ಕೆಂಪು ಗುರುತು.

"ಮೊದಲ್ನೇ ದಿನ ತೊಳಿಯಾಗನ ಬಣ್ಣ ಕಂಡಿತ್ರಿ. ಸ್ವಾಮೇರು ಕಲ್ಲಿಗೆ ಪೇಂಟ್ ಹಚ್ತಾರೇನ್ರಿ? ಇವರ ಮರ್ಯಾದಿ ಹೋಗಬಾರದಂತ ಹೊಳಿ ಗಂಗವ್ವನ ಕಲ್ಲು ತಂದು ಪೂಜಿ ಮಾಡಿ ಇಟ್ಟೆ. ಇದು ಹಿಮ್ಮಡಿ ತಿಕ್ಕಾಕ ಚಲೋ ಇತ್ತು."

"ಹಂಗಾರ ನಮ್ಮ ಕಾಯಿಗೇನೂ ಮೋಸ ಆಗಿಲ್ಲ," ಎಂದಳು ಅಂಜಿನಕ್ಕ. "ಗಂಗಣ್ಣ, ನೀ ಬಾಯಿ ಮುಚ್ಕೊಂಡಿದ್ರ ಯಾರಿಗೂ ಏನೂ ಗೊತ್ತಾಗ್ತಿದ್ದಿಲ್ಲ ನೋಡು!"

ಶಾಲೆಯ ಇತಿಹಾಸದ ನೊರೆ ಒರೆಸಿ, ಎತ್ತಿಕೊಂಡು ಮೇಡಂ ಜೀಪು ಹತ್ತಿದರು. ಗಂಗಾಧರ ಗೋಡೆಗೆ ಮುಖ ಮಾಡಿ ಕೂತ. ದಿನಾ ಆ ಕಲ್ಲಿಗೆ ಹಿಮ್ಮಡಿ ತಿಕ್ಕಿದವನೂ ಅವನೇ.

ಗುರುಬಸಮ್ಮ ಟವಲಿನ ಕಲ್ಲನ್ನು ಅವನ ಮುಂದಿಟ್ಟಳು.

"ಏಳ್ರಿ, ಇದನ್ನ ಬಚ್ಚಲದಾಗ ಇಟ್ಟು ಬರ್ರಿ. ಎಲ್ಲಿಂದ ಬಂತು ಅಂತ ಯಾರಾರ ಕೇಳಿದ್ರ, ಈ ಸಲ ನಾನೇ ಹೇಳ್ತೀನಿ."