ಎಲ್ಲರ ಹೆಗಲಿಗೂ ಒಂದೇ ಪಟ್ಟಿ

ಚೀಲದ ಕಾರ್ಖಾನೆಯ ಬಾಗಿಲು ತೆರೆದು ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ. ಅಷ್ಟರಲ್ಲಿ ಒಬ್ಬರು ಟೀಚರು ಒಳಗೆ ಬಂದು, ಬೆನ್ನಿನ ಚೀಲ ಕಳಚಿ ಮೇಜಿನ ಮೇಲೆ ಧೊಪ್ಪನೆ ಇಟ್ಟರು.

“ಇದರ ಎಡಗಡೆ ಪಟ್ಟಿ ಜಾರುತ್ತೆ ಸ್ವಾಮಿ. ಬಸ್ಸಲ್ಲಿ ಜಾರುತ್ತೆ, ಮೆಟ್ಟಿಲಲ್ಲಿ ಜಾರುತ್ತೆ. ಎತ್ತಿ ಎತ್ತಿ ಹಾಕ್ಕೊಂಡು ಈಗ ಪಾಠ ಮಾಡುವಾಗ್ಲೂ ಹೆಗಲು ಕುಣಿಸೋ ಅಭ್ಯಾಸ ಆಗ್ಬಿಟ್ಟಿದೆ. ಮಕ್ಕಳು ಹಿಂದಿನಿಂದ ತಾಳ ಹಾಕ್ತಾವೆ!”

ಯಜಮಾನರು ಒಳಗೆ ತಿರುಗಿ ಕೂಗಿದರು. “ಅಳತೆಯಣ್ಣಾ!”

ಅಳತೆಯಣ್ಣ ಅಂದರೆ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಕಾರ್ಖಾನೆ ಶುರುವಾದಾಗ ಚೀಲ ಹಾಕಿ ನೋಡಲು ಒಂದು ಮೈ ಬೇಕಾಗಿತ್ತು. ಯಜಮಾನರು ಸುತ್ತ ನೋಡಿ ಇವನನ್ನು ಆರಿಸಿದ್ದರು. ಎತ್ತರವೂ ಅಲ್ಲ ಗಿಡ್ಡವೂ ಅಲ್ಲ, ದಪ್ಪವೂ ಅಲ್ಲ ತೆಳ್ಳಗೂ ಅಲ್ಲ. ಜಾತ್ರೆಯಷ್ಟು ಜನ ಸೇರಿದ ಕಡೆ ನಿಂತರೆ ಸ್ವಂತ ಹೆಂಡತಿಯೂ ಎರಡು ಸಲ ನೋಡಬೇಕಾದಂಥ ಆಳು. “ಇವನ ಮೈಗೆ ಕೂತರೆ ಊರಿಗೇ ಕೂತ ಹಾಗೆ” ಎಂದು ಯಜಮಾನರು ಅಂದಿದ್ದ ಮಾತನ್ನು ಅವನು ಬಿರುದಿನ ಹಾಗೆ ಹೊತ್ತುಕೊಂಡಿದ್ದ.

ಅವನು ಬಂದು ಟೀಚರ ಚೀಲವನ್ನು ಬೆನ್ನಿಗೇರಿಸಿದ. ಕುಣಿದ, ಬಗ್ಗಿದ, ಒಂದು ಸುತ್ತು ಓಡಿಯೂ ಬಂದ. ಪಟ್ಟಿ ಹುಟ್ಟಿದಾಗಿನ ಚರ್ಮದ ಹಾಗೆ ಅಂಟಿಕೊಂಡಿತ್ತು.

“ಜಾರಲ್ವಲ್ಲಮ್ಮ?”

“ನಿಮಗೆ ಜಾರಲ್ಲ. ನನಗೆ ಜಾರುತ್ತೆ. ಚೀಲ ಹೊರೋದು ನಾನು.” ಟೀಚರು ಅದನ್ನು ಅಲ್ಲೇ ಬಿಟ್ಟು, ಸರಿಮಾಡಿ ಇಡಿ ಎಂದು ಹೇಳಿ ಹೊರಟುಹೋದರು.

ಬೇರೆ ದಿನವಾಗಿದ್ದರೆ ಯಜಮಾನರು ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಸಂಜೆ ಬೆಟ್ಟ ಹತ್ತುವವರ ಸಂಘದ ಅಧ್ಯಕ್ಷರು ಹೊಸ ಚೀಲದ ಮಾದರಿ ನೋಡಲು ಬರುವವರಿದ್ದರು. ಸಂಘದ ಆರ್ಡರು ತಪ್ಪಿದರೆ ಅರ್ಧ ಮಿಷನ್ನುಗಳಿಗೆ ಮುಸುಕು ಹಾಕಿ ಕೂರಬೇಕು.

“ಸಂಜೆಯೊಳಗೆ ಎಲ್ಲರ ಹೆಗಲಿಗೂ ಕೂರೋ ಪಟ್ಟಿ ಆಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಕತ್ತರಿ ಮುಟ್ಟೋ ಹಾಗಿಲ್ಲ. ಡಬ್ಬಕ್ಕೆ ಅಂಟು ಹಚ್ತಾ ಕೂತ್ಕೋ.”

ಅಳತೆಯಣ್ಣ ಕತ್ತರಿ ಎತ್ತಿಕೊಂಡ. ಮಾದರಿ ಚೀಲಕ್ಕೆ ಭಾರಕ್ಕಾಗಿ ಬಟ್ಟೆಯ ಸುರುಳಿ ತುಂಬಿ, ಮೊದಲು ಹಿಡಿದದ್ದು ಪ್ಯಾಕಿಂಗಿನ ಗುಂಡಣ್ಣನನ್ನು. ಗುಂಡಣ್ಣ ಒಂದು ಕೈ ತೂರಿಸಿದ, ಇನ್ನೊಂದು ಕೈ ತೂರಿಸಲು ಹೋಗಿ ತನ್ನ ಸುತ್ತ ತಾನೇ ಮೂರು ಸುತ್ತು ತಿರುಗಿದ. ಕೊನೆಗೆ ಪಟ್ಟಿ ಕಂಕುಳಲ್ಲಿ ಸಿಕ್ಕಿಕೊಂಡು ಎರಡೂ ಕೈ ರೆಕ್ಕೆಯ ಹಾಗೆ ಎದ್ದು ನಿಂತವು.

“ಬಿಡಿಸೋ ಮಾರಾಯ, ಉಸಿರು ಕಟ್ತಿದೆ! ಪಟ್ಟಿ ಉದ್ದ ಮಾಡು.”

ಪಟ್ಟಿ ಉದ್ದ ಮಾಡಿದ. ಅದನ್ನು ಹಾಕಿಕೊಂಡವನು ವ್ಯಾನ್ ಓಡಿಸುವ ಡ್ರೈವರು. ಬಾಗಿಲಿಗೆ ತಲೆ ತಗ್ಗಿಸಿಯೇ ಬರುವ ಅವನಿಗೆ ಏಣಿ ಎಂದೇ ಹೆಸರು. ಅವನ ಹೆಗಲೋ, ಹೆಂಚಿನ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರು. ಚೀಲ ಸೊಂಟದ ಕೆಳಗೆ ಜೋತಾಡಿ ಹೆಜ್ಜೆಗೊಂದು ಒದೆ ಕೊಟ್ಟಿತು.

“ಇದೇನು ಚೀಲಾನೋ, ಹಿಂದೆ ಬಿದ್ದಿರೋ ಸಾಲಗಾರನೋ? ಗಿಡ್ಡ ಮಾಡು. ಎರಡು ಪಟ್ಟೀನೂ ಕತ್ತಿನ ಹತ್ತಿರ ತಗೊಂಬಾ.”

ಕತ್ತಿನ ಹತ್ತಿರ ತಂದ. ಹೊಲಿಗೆಯ ಅಕ್ಕ ಮಿಷನ್ ಬಿಟ್ಟೆದ್ದು ಬಂದಳು. ಆಕೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಅಣ್ಣಾ, ಇದು ಕತ್ತು ಕುಯ್ಯುತ್ತೆ. ಮುಂದುಗಡೆ ಎದೆ ಮೇಲೆ ನೇರ ಇಳಿದು ಒತ್ತುತ್ತೆ. ಹೆಂಗಸರೂ ಚೀಲ ಹಾಕ್ತಾರೆ ಅಂತ ನಿನಗೆ ಯಾರೂ ಹೇಳಿಲ್ವಾ? ಪಟ್ಟಿ ಸ್ವಲ್ಪ ಬಳುಕಿ, ಪಕ್ಕದಿಂದ ಸುತ್ತಿ ಬರಬೇಕು” ಎಂದಳು.

ಬಳುಕಿಸಿದ. ಗುಂಡಣ್ಣನಿಗೆ ತೋಳು ಉಜ್ಜಿತು. ಅಗಲ ಮಾಡಿದ. ಏಣಿಗೆ ಉರುಳಿಬಿತ್ತು. ಸ್ಪಂಜು ತುಂಬಿದ. ಅಕ್ಕ, “ದಿಂಬು ಹೊತ್ತ ಹಾಗಿದೆ” ಎಂದಳು. ಹತ್ತಿರ, ದೂರ, ಉದ್ದ, ಗಿಡ್ಡ, ಹೊಲಿ, ಬಿಚ್ಚು. ಮಧ್ಯಾಹ್ನದ ಹೊತ್ತಿಗೆ ಅಳತೆಯಣ್ಣನಿಗೆ ಯಾವ ತುಂಡು ಎಡದ್ದು ಯಾವುದು ಬಲದ್ದು ಎಂದೇ ತಿಳಿಯದಾಯಿತು. ಒಂದು ಸಲ ಪಟ್ಟಿಯ ಜೊತೆಗೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಟ್ಟ. ವಿಚಿತ್ರವೆಂದರೆ, ಏನೇ ಮಾಡಿದರೂ ಎಡಗಡೆಯದು ಮಾತ್ರ ಎಲ್ಲರಿಗೂ ಜಾರುತ್ತಿತ್ತು. ಅವನಿಗೊಬ್ಬನಿಗೆ ಬಿಟ್ಟು.

“ನೀನೊಮ್ಮೆ ಹಾಕ್ಕೊಂಡು ಆ ಕಪಾಟಿಗೆ ಬೆನ್ನು ಕೊಟ್ಟು ನಿಲ್ಲಣ್ಣ, ನೋಡೋಣ,” ಎಂದಳು ಅಕ್ಕ.

ನಿಂತ. ಅಕ್ಕ ತಲೆ ಓರೆ ಮಾಡಿದಳು. “ಕಪಾಟು ವಾಲಿದೆಯಲ್ಲಾ?”

ಏಣಿ ಬಂದು ನೋಡಿದ. “ಕಪಾಟಲ್ಲ, ನೆಲಾನೇ ಡೊಂಕು.”

“ಕುಣಿಯಕ್ಕೆ ಬರದೋರೆಲ್ಲ ಹೇಳೋದು ಅದನ್ನೇ,” ಎನ್ನುತ್ತಾ ಗುಂಡಣ್ಣ ಒಂದು ತಟ್ಟೆಯಲ್ಲಿ ನೀರು ತಂದು ನೆಲದ ಮೇಲಿಟ್ಟ. ನೀರು ಯಾವ ಕಡೆಗೂ ಹೋಗಲಿಲ್ಲ. ಕಪಾಟಿನ ಮೇಲಿಟ್ಟ. ಅಲ್ಲೂ ಹೋಗಲಿಲ್ಲ. ಮೂವರೂ ತಟ್ಟೆ ನೋಡಿದರು, ಕಪಾಟು ನೋಡಿದರು, ಆಮೇಲೆ ನಿಧಾನವಾಗಿ ಅಳತೆಯಣ್ಣನನ್ನು ನೋಡಿದರು.

“ಅಣ್ಣಾ,” ಎಂದಳು ಅಕ್ಕ, ಸಾವಿನ ಸುದ್ದಿ ಹೇಳುವವಳ ದನಿಯಲ್ಲಿ, “ನೆಲ ನೆಟ್ಟಗಿದೆ. ಕಪಾಟೂ ನೆಟ್ಟಗಿದೆ. ನಿನ್ನ ಎಡ ಹೆಗಲೇ ಎರಡು ಬೆರಳು ಮೇಲಿದೆ.”

ಅಳತೆಯಣ್ಣ ನಂಬಲಿಲ್ಲ. ಟೇಪು ಹಿಡಿಸಿ ನೋಡಿದ, ಕನ್ನಡಿಯಲ್ಲಿ ನೋಡಿದ. ಹೌದು. ಅವನ ಎಡ ಹೆಗಲು, ಉತ್ತರ ಗೊತ್ತಿದ್ದೂ ಕೈ ಎತ್ತಲು ಹೆದರುವ ಹುಡುಗನ ಹಾಗೆ ಅರ್ಧ ಮೇಲೆದ್ದು ನಿಂತಿತ್ತು. ಪಟ್ಟಿ ಕತ್ತರಿಸಲು ಅವನು ಇಟ್ಟುಕೊಂಡಿದ್ದ ಎಡದ ರಟ್ಟಿನ ಅಚ್ಚು, ಬಲದ ಅಚ್ಚು ಎರಡೂ ಬೇರೆ ಬೇರೆ ಇದ್ದವು. ಚಪ್ಪಲಿಯಲ್ಲಿ ಎಡ ಬಲ ಇಲ್ಲವೇ, ಹಾಗೇ ಇದೂ ಎಂದು ಎಲ್ಲರೂ ತಿಳಿದಿದ್ದರು. ಇಷ್ಟು ವರ್ಷ ಈ ಕಾರ್ಖಾನೆಯಿಂದ ಹೊರಟ ಒಂದೊಂದು ಚೀಲವೂ ಅವನೊಬ್ಬನ ಡೊಂಕಿಗೆ ಹೊಲಿದದ್ದು!

ಅವನು ಮೂಲೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ.

“ಏನೇ, ನನ್ನ ಹೆಗಲು ಡೊಂಕಾ?”

“ಅದನ್ನ ಕೇಳೋಕೆ ಫೋನ್ ಮಾಡಿದ್ರಾ? ಡೊಂಕು.”

“ನಿನಗೆ ಗೊತ್ತಿತ್ತಾ?”

“ಮದುವೆ ಫೋಟೋದಲ್ಲೇ ನೋಡಿದ್ನಲ್ಲ. ನಾಚ್ಕೊಂಡಿದಾರೆ ಪಾಪ, ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅಂಗಿ ಒಣಗ್ಹಾಕಿದ್ರೂ ಅದೂ ನಾಚ್ಕೊಂಡೇ ಇರುತ್ತೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೆಟ್ಟಗಾಗ್ತಿದ್ರಾ? ಇಡ್ಲಾ, ಒಲೆ ಮೇಲೆ ಹಾಲಿದೆ.”

ಅಳತೆಯಣ್ಣ ಫೋನ್ ಜೇಬಿಗಿಟ್ಟು, ನೇರ ಮೇಜಿನ ಹತ್ತಿರ ಹೋಗಿ, ಆ ಹಳೆಯ ಅಚ್ಚುಗಳನ್ನು ತೆಗೆದು ಚೂರು ಚೂರು ಕತ್ತರಿಸಿ ಕಸದ ಬುಟ್ಟಿಗೆ ಸುರಿದ. ಯಜಮಾನರಿಗೆ ವಿಷಯ ಹೇಳಿದಾಗ ಅವರು ತಲೆ ಮೇಲೆ ಕೈ ಹೊತ್ತು, “ಊರಿನ ಬೆನ್ನನ್ನೆಲ್ಲ ಹಾಳು ಮಾಡಿದ್ಯಲ್ಲೋ! ಅಧ್ಯಕ್ಷರಿಗೆ ತಿಳಿದರೆ ನಮ್ಮ ಗತಿ?” ಎಂದರು.

ಅವಮಾನಕ್ಕೆ ಕೈ ಚುರುಕಾಗುತ್ತದೆ. ಅಳತೆಯಣ್ಣ ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು, ತನ್ನ ಮೈಯನ್ನು ಪೂರ್ತಿ ಮರೆತು ಕೆಲಸಕ್ಕೆ ಕೂತ. ಎಡ ಬಲ ಒಂದೇ ಸಮ. ಪಟ್ಟಿಯ ಮೇಲ್ತುದಿ ಬೇಕಾದವರು ಏರಿಸಿ ಇಳಿಸಿಕೊಳ್ಳುವಂತೆ, ಎರಡೂ ಸೇರಿ ಒಟ್ಟಿಗೇ ಸರಿಯುವಂಥ ಒಂದು ಅಡ್ಡಪಟ್ಟಿ. ಹೆಗಲ ಮೇಲೆ ಅಗಲ, ಎದೆಯ ಪಕ್ಕ ಬಳುಕು, ಕಂಕುಳಲ್ಲಿ ತೆಳುವು. ಗುಂಡಣ್ಣ ಹಾಕಿಕೊಂಡು, “ಹೊತ್ತಿದೀನಾ ಇಲ್ವಾ?” ಎಂದು ಹಿಂದೆ ಮುಟ್ಟಿ ನೋಡಿಕೊಂಡ. ಏಣಿ ಅದನ್ನು ಹೊತ್ತೇ ಚಹಾ ಕುಡಿದು ಬಂದ. ಅಕ್ಕ ಕಳಚಲೇ ಒಪ್ಪಲಿಲ್ಲ. ಅಳತೆಯಣ್ಣನಿಗೆ ಮಾತ್ರ ಬಲಗಡೆಯದು ಸರ್ರನೆ ಜಾರಿತು. ಅವನು ಅದನ್ನು ನೋಡಿ ತೃಪ್ತಿಯಿಂದ ನಕ್ಕ.

ಸಂಜೆ ಅಧ್ಯಕ್ಷರು ಬಂದರು. ಜೊತೆಗೆ ಸಂಘದ ಹಳಬರಿಬ್ಬರು. ಮೂವರೂ ಬಿಸಿಲಿಗೆ ಕಪ್ಪಿಟ್ಟು, ಬೆಟ್ಟದ ಕಲ್ಲುಗಳ ಹಾಗೆ ಗಟ್ಟಿಯಾಗಿದ್ದರು. ಅಧ್ಯಕ್ಷರು ತುಂಬಿದ ಚೀಲವನ್ನು ಒಂದೇ ಏಟಿಗೆ ಬೆನ್ನಿಗೆಸೆದುಕೊಂಡು ಬಾಗಿಲವರೆಗೆ ನಡೆದರು.

ಬಲಗಡೆ ಪಟ್ಟಿ ಜಾರಿ ಮೊಣಕೈಗೆ ಬಂತು.

ಎತ್ತಿ ಹಾಕಿಕೊಂಡರು. ಮತ್ತೆ ಜಾರಿತು. ಎರಡನೆಯವರು ಹಾಕಿಕೊಂಡರು. ಬಲಗಡೆಯದೇ ಜಾರಿತು. ಮೂರನೆಯವರೂ ಹಾಕಿದರು, ಅವರಿಗೆ ಚೀಲವೇ ಒಂದು ಕಡೆಗೆ ಮಗುಚಿತು.

“ಏನ್ರೀ ಇದು?” ಅಧ್ಯಕ್ಷರು ಗದರಿದರು. “ನಿಮ್ಮ ಹಳೇ ಚೀಲ ಎಷ್ಟು ಚೆನ್ನಾಗಿತ್ತು! ಅದನ್ಯಾಕೆ ಕೆಡಿಸಿದ್ರಿ?”

ಯಜಮಾನರು ಚೀಲವನ್ನೇ ತಿರುಗಿಸಿ ಮುರುಗಿಸಿ ನೋಡಿದರು. ಹಿಂದೆ ನಿಂತಿದ್ದ ಅಳತೆಯಣ್ಣನ ಕಣ್ಣಿಗೆ ಮಾತ್ರ ಮೂರು ಬೆನ್ನುಗಳು ಸಾಲಾಗಿ ಕಂಡವು. ಮೂರರ ಎಡ ಹೆಗಲೂ ಎರಡೆರಡು ಬೆರಳು ಮೇಲೆ. ತಾನೇ ಮೂರು ಜನವಾಗಿ ಬಂದು ನಿಂತ ಹಾಗೆ.

“ಸ್ವಾಮಿ, ಹಳೇದು... ಎಡಗಡೆ ಜಾರ್ತಿರಲಿಲ್ವಾ?” ಎಂದು ತೊದಲಿದ.

“ಮೊದಮೊದಲು ಜಾರೋದು. ಹೆಗಲು ಸ್ವಲ್ಪ ಎತ್ತಿ ಹಿಡ್ಕೊಂಡು ನಡೆದ್ವಿ. ಒಂದೆರಡು ವರ್ಷ ಬೆಟ್ಟ ಹತ್ತೋ ಅಷ್ಟರಲ್ಲಿ ಎಷ್ಟು ಚೆನ್ನಾಗಿ ಕೂತ್ಕೊಳ್ತು ಅಂತೀರಿ! ಸಂಘದಲ್ಲಿ ಎಲ್ಲರಿಗೂ ಹಾಗೇ. ಈಗ ಬೇರೆ ಯಾರ ಚೀಲ ಹಾಕಿದ್ರೂ ನಮಗಾಗಲ್ಲ. ನಿಮ್ಮ ಹಳೇದೇ ಬೇಕು. ಕೊಡೋಕಾಗುತ್ತೋ ಇಲ್ವೋ?”

ಯಜಮಾನರ ಮುಖದಲ್ಲಿ ದೀಪ ಹತ್ತಿತು. “ಆಗದೇ ಏನು ಸ್ವಾಮಿ! ಅದು ನಮ್ಮ ವಿಶೇಷ ಕಟಿಂಗು, ಬೇರೆಯವರಿಗೆ ಬರಲ್ಲ. ಏಯ್, ಹಳೇ ಅಚ್ಚು ತಗೊಂಬಾರೋ.”

ಅಳತೆಯಣ್ಣ ಕಸದ ಬುಟ್ಟಿ ತಂದಿಟ್ಟ.

ಯಜಮಾನರು ಬುಟ್ಟಿ ನೋಡಿದರು, ಅವನನ್ನು ನೋಡಿದರು, ಕೆರಳಲು ಹೊರಟವರು ನಡುವೆಯೇ ತಡೆದು, “ಹೋಗ್ಲಿ ಬಿಡು. ಅಚ್ಚು ಹೋದರೇನಾಯ್ತು, ಮೂಲ ಇಲ್ಲೇ ನಿಂತಿದೆಯಲ್ಲ! ಅಕ್ಕಾ, ಟೇಪು ಹಿಡಿ. ಇವನ ಹೆಗಲು ಅಳೆ” ಎಂದರು.

ಅಳತೆಯಣ್ಣನನ್ನು ಕಪಾಟಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಅಕ್ಕ ಟೇಪು ಹಿಡಿದಳು. ಗುಂಡಣ್ಣ ಸೀಮೆಸುಣ್ಣ ಹಿಡಿದ. ಅಧ್ಯಕ್ಷರೂ ಕುರ್ಚಿ ಎಳೆದುಕೊಂಡು ಕೂತರು.

“ಸೆಟೆದುಕೊಂಡಿದ್ದೀಯಲ್ಲೋ. ಸಡಿಲ ಬಿಡು,” ಎಂದರು ಯಜಮಾನರು.

ಸಡಿಲ ಬಿಟ್ಟ. ಎರಡು ಹೆಗಲೂ ಒಟ್ಟಿಗೆ ಕೆಳಗೆ ಹೋದವು.

“ಅಷ್ಟಲ್ಲ. ಎಡಗಡೆ ಮೇಲೆ.”

ಎತ್ತಿದ. ಕಿವಿಗೆ ತಾಗಿತು.

“ಜಾಸ್ತಿ ಆಯ್ತು!”

ಇಳಿಸಿದ. ಬಲಗಡೆಯದು ಎದ್ದಿತು. ಏಣಿ ಹಿಂದಿನಿಂದ ಬಂದು ಅದನ್ನು ಒತ್ತಿದ. ಎಡಗಡೆಯದು ಮುಂದಕ್ಕೆ ಬಂತು. ಅವನ ಹೆಗಲುಗಳು, ಯಾರ ಮಾತು ಕೇಳಬೇಕೆಂದು ತಿಳಿಯದ ಎತ್ತುಗಳ ಹಾಗೆ ಒಂದೊಂದು ಒಂದೊಂದು ಕಡೆಗೆ ಎಳೆದವು. ಬೆವರು ಇಳಿಯಿತು.

“ಅಯ್ಯೋ, ಇಷ್ಟೂ ಆಗಲ್ವೇನೋ?” ಯಜಮಾನರು ಅಳುವ ದನಿಯಲ್ಲಿ ಬೇಡಿಕೊಂಡರು. “ಏನೂ ಮಾಡ್ಬೇಡ. ದಿನಾ ಹೇಗೆ ನಿಲ್ತಿದ್ಯೋ ಹಾಗೆ ನಿಂತ್ಕೊಳ್ಳೋ!”

ಅಳತೆಯಣ್ಣ ಅವರ ಮುಖ ನೋಡಿದ, ಅಕ್ಕನ ಮುಖ ನೋಡಿದ, ಅಧ್ಯಕ್ಷರ ಎಡ ಹೆಗಲನ್ನೂ ಆಸೆಯಿಂದ ನೋಡಿದ.

“ದಿನಾ ಹೇಗೆ ನಿಲ್ತಿದ್ದೆ, ಸ್ವಾಮಿ?” ಎಂದು ಕೇಳಿದ.