ಒಂದು ಡಜನ್ ಕಿತ್ತಳೆ, ಒಂದು ಬಕೆಟ್ ಅಂಟು

ಎಲ್ಲದಕ್ಕೂ ಕಾರಣ ಒಂದು ಬಕೆಟ್ ಅಂಟು.

ಎರಡನೇ ಮಹಡಿಯ ಮನೆಯ ಮುಂದಿನ ಕೋಣೆಯೇ ಬೈಂಡರ್‌ನ ಕಾರ್ಖಾನೆ. ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದ ಅಂಟನ್ನು ಮೂರು ದಿನ ಹುಳಿ ಬರಿಸಿದರೇನೇ ಪುಸ್ತಕದ ಬೆನ್ನು ಗಟ್ಟಿಯಾಗಿ ಕೂರುತ್ತದೆ ಎಂಬುದು ಅವನ ನಂಬಿಕೆ. ಬೆನ್ನು ಹೇಗೆ ಕೂರುತ್ತಿತ್ತೋ, ಮನೆಗೆ ಬಂದವರು ಮಾತ್ರ ಕೂರುತ್ತಿರಲಿಲ್ಲ. ಕಳೆದ ಸಲ ಓನರಮ್ಮ ಬಾಗಿಲಲ್ಲೇ ನಿಂತು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು, "ಇನ್ನೊಂದ್ಸಲ ಬಂದಾಗ್ಲೂ ಇದೇ ವಾಸನೆ ಇದ್ರೆ ಗಂಟುಮೂಟೆ ಕಟ್ಟಿ" ಎಂದು ಹೇಳಿ ಹೋಗಿದ್ದರು. ಇವತ್ತು ಸಂಜೆ ಐದಕ್ಕೆ ಮತ್ತೆ ಬರುವವರಿದ್ದರು. ಮನೆಯ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು.

ಬೈಂಡರ್‌ಗೆ ಮನೆಗಿಂತ ಹೆಚ್ಚಾಗಿ ಕಟಿಂಗ್ ಮಷೀನಿನ ಚಿಂತೆ. ಆ ಕಬ್ಬಿಣದ ರಾಶಿಯನ್ನು ಹನ್ನೊಂದು ವರ್ಷದ ಹಿಂದೆ ನಾಲ್ಕು ಜನ ಸೇರಿ ಮೇಲಕ್ಕೆ ಹತ್ತಿಸಿದ್ದರು. ಅವರಲ್ಲೊಬ್ಬ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ಹೆಂಡತಿ ಕ್ಲಿನಿಕ್ಕಿನ ಕೆಲಸಕ್ಕೆ ಹೊರಡುವ ಮೊದಲು ವಾರಪತ್ರಿಕೆಯಿಂದ ಕತ್ತರಿಸಿದ ಹಾಳೆಯನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಕಿತ್ತಳೆ ಸಿಪ್ಪೆ, ಚಕ್ಕೆ, ಲವಂಗ ಹಾಕಿದ ನೀರನ್ನು ಸಣ್ಣ ಉರಿಯಲ್ಲಿಟ್ಟರೆ ಮನೆಗೆ ಹಬ್ಬದ ಕಳೆ ಬರುತ್ತದಂತೆ.

"ಬಕೆಟ್ಟು ತಾರಸಿಗೆ ಸಾಗಿಸಿ. ಕಿಟಕಿ ಎಲ್ಲ ತೆರೀರಿ. ನೀರು ಬತ್ತದ ಹಾಗೆ ನೋಡ್ಕೊಳ್ಳಿ. ಯಾರನ್ನೂ ಒಳಗೆ ಸೇರಿಸ್ಬೇಡಿ. ಆರು ಹಣ್ಣಿನ ಸಿಪ್ಪೆ ಸಾಕು, ಇನ್ನಾರು ಹಾಗೇ ಇರಲಿ. ಹಣ್ಣು ಮಾತ್ರ ಬಿಸಾಡ್ಬೇಡಿ, ತಿಂದುಬಿಡಿ."

"ಆರೂ ನಾನೇನಾ?"

"ಸಿಪ್ಪೆ ತೆಗೆದ ಹಣ್ಣನ್ನ ಅಂಗಡಿಯವ್ನು ವಾಪಸ್ ತಗೋತಾನಾ?"

ಬೈಂಡರ್ ಬಕೆಟ್ಟು ಹೊತ್ತ, ಕಿಟಕಿ ತೆರೆದ, ಆರೂ ಹಣ್ಣು ತಿಂದ. ಮಧ್ಯಾಹ್ನ ಎರಡರ ಹೊತ್ತಿಗೆ ಅವನ ಹೊಟ್ಟೆ ಗುಡುಗುತ್ತಿತ್ತು, ಮನೆ ಘಮಘಮಿಸುತ್ತಿತ್ತು. ಘಮವನ್ನು ಮನೆಯೊಳಗೇ ಕಟ್ಟಿಡುವುದು ಹೇಗೆಂದು ವಾರಪತ್ರಿಕೆ ಬರೆದಿರಲಿಲ್ಲ. ಕೆಳಗಿನ ಮನೆಯ ಕಂಪೌಂಡರ್ ತಾತ, ಔಷಧಿ ಕಲಸುವ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಕೈ ಸುಮ್ಮನಿರದ ಮನುಷ್ಯ, ಮೂಗು ಮುಂದಿಟ್ಟುಕೊಂಡು ಬಂದೇಬಿಟ್ಟರು.

ಯಾರಿಗೂ 'ಬೇಡ' ಅನ್ನಲಾರದವನು ಬೈಂಡರ್. ಬಾಗಿಲು ತೆರೆದ.

"ಪರವಾಗಿಲ್ಲ ಕಣಯ್ಯ. ಹೋದ ತಿಂಗಳು ಯಾರೋ ಗಂಡ-ಹೆಂಡತಿ ಎರಡು ಸಲ ನಿನ್ನ ಬಾಗಿಲ ತನಕ ಬಂದು, ಮೂಗು ಹಿಡ್ಕೊಂಡು ಹಾಗೇ ಇಳಿದು ಹೋದ್ರು. ಈಗ ಬಂದಿದ್ರೆ ಊಟಕ್ಕೇ ಕೂತಿರೋರು," ಎನ್ನುತ್ತಾ ತಾತ ಪಾತ್ರೆಯೊಳಗೆ ಇಣುಕಿದರು. "ಆದ್ರೂ ಇದಕ್ಕೆ ಶಕ್ತಿ ಸಾಲದು." ಜೇಬಿನಿಂದ ನೀಲಗಿರಿ ಎಣ್ಣೆಯ ಬಾಟ್ಲಿ ತೆಗೆದು, ಬೈಂಡರ್ "ಅಯ್ಯೋ" ಅನ್ನುವಷ್ಟರಲ್ಲಿ ಅರ್ಧ ಸುರಿದರು.

ಹಬ್ಬ ಹೋಗಿ ಆಸ್ಪತ್ರೆ ಬಂತು. ಐದೇ ನಿಮಿಷದಲ್ಲಿ ಮೇಲಿನ ಮನೆಯ ಟ್ಯೂಷನ್ ಮೇಡಂ ಗಾಬರಿಯಿಂದ ಇಳಿದು ಬಂದರು.

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಇಲ್ಲ ಮೇಡಂ. ಓನರಮ್ಮ ಬರ್ತಾರೆ ಅಂತ ಸುವಾಸನೆ ಬರಿಸ್ತಿದೀನಿ."

"ಇದು ಸುವಾಸನೇನಾ? ಇರಿ, ನಾನು ಸರಿ ಮಾಡ್ತೀನಿ." ಮೇಡಂ ಮೇಲೆ ಓಡಿ, ಒಣಗಿಸಿಟ್ಟಿದ್ದ ಗುಲಾಬಿ ದಳಗಳ ಡಬ್ಬವನ್ನೇ ತಂದು ಪಾತ್ರೆಗೆ ಬೋರಲು ಹಾಕಿದರು. "ಈಗ ಮುಚ್ಚಳ ಮುಚ್ಚಿ, ಉರಿ ಜೋರು ಮಾಡಿ."

"ಮುಚ್ಚಳ ಮುಚ್ಚಿದ್ರೆ ಸಾರ ಹೊರಗೆ ಬರೋದು ಹೇಗಮ್ಮಾ? ತೆಗಿಯಯ್ಯಾ!"

"ಮುಚ್ಚಿ!"

"ತೆಗಿ!"

ಬೈಂಡರ್ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ವಾದ ಮುಚ್ಚಳದಿಂದ ಮೇಡಂ ಮನೆಯ ಮಕ್ಕಳ ಗಲಾಟೆಗೆ, ಅಲ್ಲಿಂದ ತಾತನ ರೇಡಿಯೋಗೆ ಹೋಯಿತು. ಇಬ್ಬರನ್ನೂ ಸಮಾಧಾನ ಮಾಡುತ್ತಾ ನಿಂತ ಬೈಂಡರ್ ನೀರನ್ನು ಮರೆತೇಬಿಟ್ಟ. ಕಪ್ಪು ಹೊಗೆ ಎದ್ದಾಗಲೇ ಮೂವರೂ ಒಲೆಯ ಕಡೆ ತಿರುಗಿದ್ದು. ಆಗಲೇ ಮೂರೂವರೆ.

ಅವನಿಗೆ ಅಳುವೇ ಬಂತು. ಸೀದ ಪಾತ್ರೆ ಉಜ್ಜುತ್ತಾ ಮೆಟ್ಟಿಲಿನಲ್ಲಿ ಉರುಳುವ ಮಷೀನನ್ನು ಕಣ್ಣ ಮುಂದೆ ಕಂಡ. ಹಿಂದೆ ಇಬ್ಬರೂ ಹೊಸ ಸಲಹೆಗಳೊಂದಿಗೆ ಸಜ್ಜಾಗುತ್ತಿದ್ದರು. ಆಗ ಜನ್ಮದಲ್ಲಿ ಮೊದಲ ಸಲ ಅವನಿಗೊಂದು ಉಪಾಯ ಹೊಳೆಯಿತು. ಉಳಿದ ಆರು ಕಿತ್ತಳೆಯನ್ನು ಸರಸರನೆ ಸುಲಿದು, ಮೂರು ತಾತನ ಕೈಗೆ, ಮೂರು ಮೇಡಂ ಕೈಗೆ ಕೊಟ್ಟ.

"ದಯವಿಟ್ಟು ತಿನ್ನಿ. ಬಿಸಾಡೋ ಹಾಗಿಲ್ಲ."

ಬಾಯಿ ತುಂಬಿದ್ದಷ್ಟು ಹೊತ್ತು ಇಬ್ಬರಿಂದಲೂ ಸಲಹೆ ಬರಲಿಲ್ಲ. ಹಾಳೆಯಲ್ಲಿ ಬರೆದಂತೆಯೇ ಸಿಪ್ಪೆ, ಚಕ್ಕೆ, ಲವಂಗ, ಸಣ್ಣ ಉರಿ. ಹಣ್ಣು ಮುಗಿದೊಡನೆ ಇಬ್ಬರನ್ನೂ ಉಪಾಯವಾಗಿ ಸಾಗಹಾಕಿದ. ಐದು ಗಂಟೆಗೆ ಹೊಗೆಯೆಲ್ಲ ಕಿಟಕಿಯಾಚೆ ಹೋಗಿ ಮನೆ ಮದುಮಗಳ ಕೋಣೆಯಂತಾಗಿತ್ತು.

ಓನರಮ್ಮ ಕರ್ಚೀಫು ಹಿಡಿದೇ ಒಳಗೆ ಬಂದರು. ಹಿಂದೆ ಯಾರೋ ಹರೆಯದ ಗಂಡ-ಹೆಂಡತಿ. ಓನರಮ್ಮ ಮೆಲ್ಲಗೆ ಕರ್ಚೀಫು ಇಳಿಸಿದರು. ಒಮ್ಮೆ ಉಸಿರೆಳೆದರು, ಇನ್ನೊಮ್ಮೆ ಎಳೆದರು. ಹಿಂದಿದ್ದ ಹುಡುಗಿ ಅಡುಗೆಮನೆ, ಬಾಲ್ಕನಿ ಎಲ್ಲ ಸುತ್ತಿ ಬಂದು, "ಅಮ್ಮಾ, ಎಷ್ಟು ಚೆನ್ನಾಗಿದೆ!" ಎಂದಳು.

ಬೈಂಡರ್ ಆನಂದದಲ್ಲಿ ಮೂವರಿಗೂ ಕುರ್ಚಿ ಎಳೆದು ಹಾಕಿದ.

"ನೋಡಿ," ಎಂದರು ಓನರಮ್ಮ, ಚೀಲದಿಂದ ಒಂದು ಕಾಗದ ತೆಗೆಯುತ್ತಾ. "ಇವತ್ತು ನಿಮ್ಮ ಹೊಸ ಕರಾರಿಗೆ ಸಹಿ ಹಾಕೋಕಂತಲೇ ಬಂದಿದ್ದೆ. ಮಗಳು-ಅಳಿಯಂಗೆ ಈ ಮನೆ ಕೊಡೋಣ ಅಂತ ಎರಡು ಸಲ ಕಳಿಸಿದ್ದೆ, ಈ ವಾಸನೇಲಿ ಇರೋಕಾಗಲ್ಲ ಅಂತ ಬಾಗಿಲಿಂದಲೇ ಓಡಿ ಬಂದ್ರು. ಸರಿ, ಇದು ಗೋಡೆಗೇ ಹಿಡಿದುಬಿಟ್ಟಿದೆ, ನಿಮ್ಮನ್ನ ಬಿಟ್ಟು ಇನ್ಯಾರು ಇರ್ತಾರೆ ಅಂತ ಆಸೆ ಬಿಟ್ಟು, ಇಲ್ಲಿಂದ ಹಾಗೇ ಇವರಿಗೆ ಬೇರೆ ಮನೆ ನೋಡೋಕೆ ಹೊರಟಿದ್ದೆ. ಇಷ್ಟು ಚೆನ್ನಾಗಿ ಹೋಗಿಸಿದ್ದೀರಲ್ಲ! ತುಂಬಾ ಉಪಕಾರ ಆಯ್ತು."

ಕಾಗದವನ್ನು ನಾಲ್ಕಾಗಿ ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಹೆಂಡತಿ ಆರಕ್ಕೆ ಬಂದಳು. ಹೊಸ್ತಿಲಲ್ಲೇ ಕಣ್ಣು ಮುಚ್ಚಿ ಘಮ ಹೀರಿ, "ನೋಡಿದ್ರಾ! ಓನರಮ್ಮಂಗೆ ಇಷ್ಟ ಆಯ್ತಾ?" ಎಂದಳು.

"ತುಂಬಾ ಇಷ್ಟ ಆಯ್ತಂತೆ. ಒಂದನೇ ತಾರೀಕಿಂದ ಅವರ ಮಗಳು ಇಲ್ಲೇ ಇರ್ತಾಳಂತೆ."

ಅವಳು ಕತೆಯನ್ನೆಲ್ಲ ಕೇಳಿ, ಹೋಗಿ ಒಲೆ ಆರಿಸಿದಳು.

"ನಾಳೆ ಅವಳು ಪರದೆ ಅಳತೆಗೆ ಬಂದೇ ಬರ್ತಾಳೆ. ಮೊದಲು ಆ ಬಕೆಟ್ಟು ಕೆಳಗೆ ತನ್ನಿ!"

ಬೈಂಡರ್ ಎರಡೆರಡು ಮೆಟ್ಟಿಲು ಹಾರುತ್ತಾ ತಾರಸಿಗೆ ಓಡಿದ. ಬಕೆಟ್ಟಿನ ಪಕ್ಕದಲ್ಲಿ ಕಂಪೌಂಡರ್ ತಾತ ಖಾಲಿ ಬಾಟ್ಲಿ ಹಿಡಿದು ನಿಂತಿದ್ದರು.

"ಗಾಳಿಗೆ ಅಂತ ಬಂದೆ, ಸಿಕ್ಕಾಪಟ್ಟೆ ನಾರ್ತಿತ್ತು ಕಣಯ್ಯ. ಉಳಿದ ನೀಲಗಿರಿ ಎಣ್ಣೆ ಪೂರ್ತಿ ಸುರಿದುಬಿಟ್ಟೆ. ಈಗ ಮೂಸಿ ನೋಡು, ಅಂಟು ಅಂತ ಯಾರೂ ಹೇಳಲ್ಲ. ಥ್ಯಾಂಕ್ಸ್ ಎಲ್ಲ ಬೇಡ. ಅಕ್ಕಪಕ್ಕದವರು ಅಂತ ಇರೋದು ಮತ್ತೆ ಯಾತಕ್ಕೆ?"